ಕೈ ಮರೆತದ್ದನ್ನು ಮನಸ್ಸು ಮರೆತಿಲ್ಲ



ನಾವು ದಿನಕ್ಕೆ ಐದು ಹೊತ್ತು ವುಝೂ ಮಾಡುವವರು. ಕೈ, ಬಾಯಿ, ಮೂಗು, ಮುಖ ಎಂದು ಕ್ರಮವನ್ನು ಎಣಿಸುತ್ತಾ ಯಾರೂ ಕೂರುವುದಿಲ್ಲ; ಕೈ ತಾನಾಗಿಯೇ ಮುಂದಿನದಕ್ಕೆ ಸಾಗುತ್ತದೆ. ಅಂಗಿಯ ಗುಂಡಿ ಹಾಕುವುದು, ಸುಜೂದ್‌ನಿಂದ ಏಳುವುದು ಎಲ್ಲವೂ ಹೀಗೆಯೇ. ಇದೂ ಒಂದು ಬಗೆಯ ಸ್ಮರಣಶಕ್ತಿಯೇ. ಆದರೆ ನಿನ್ನೆ ಮನೆಗೆ ಬಂದ ಅತಿಥಿಯನ್ನು ನೆನಪಿಸಿಕೊಳ್ಳುವ ಸ್ಮರಣೆ ಬೇರೆ, ಇದು ಬೇರೆ.

ಈ ಭೇದವನ್ನು ವಿಜ್ಞಾನಿಗಳಿಗೆ ತೋರಿಸಿಕೊಟ್ಟವರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಮುಖ್ಯರು. 1953ರಲ್ಲಿ ಅಪಸ್ಮಾರಕ್ಕಾಗಿ ನಡೆದ ಮೆದುಳಿನ ಶಸ್ತ್ರಚಿಕಿತ್ಸೆಯ ಬಳಿಕ ಹೊಸ ಘಟನೆಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ ಅವರಿಗೆ ಇಲ್ಲವಾಯಿತು. ಆದರೂ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ಎಳೆಯುವುದರಲ್ಲಿ ಅವರು ದಿನದಿಂದ ದಿನಕ್ಕೆ ಪಳಗಿದರು. ಹಿಂದೆ ಅದನ್ನು ಮಾಡಿದ ನೆನಪು ಮಾತ್ರ ಅವರಿಗಿರಲಿಲ್ಲ.

ಪಾರ್ಕಿನ್ಸನ್ ರೋಗದಲ್ಲಿ ಬಹುಮಟ್ಟಿಗೆ ಇದರ ತಿರುವುಮುರುವು ಸಂಭವಿಸುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ನಡುಗುವ ವಾತವೆಂದು ವರ್ಣಿಸಿದರು. ಮೆದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಜೀವಕೋಶಗಳು ನಶಿಸುವುದೇ ಇದರ ಮೂಲ. ಅಭ್ಯಾಸಗಳನ್ನು ರೂಢಿಸುವ ಭಾಗಕ್ಕೆ ಈ ಡೋಪಮಿನ್ ಅತ್ಯಗತ್ಯ.

1996ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ರೋಗಿಗಳಿಗೆ ಆಕೃತಿಗಳಿದ್ದ ಕೆಲವು ಚೀಟಿಗಳನ್ನು ತೋರಿಸಿ, ಮಳೆಯೋ ಬಿಸಿಲೋ ಊಹಿಸಿರೆಂದು ಕೇಳಲಾಯಿತು. ಯಾವ ಚೀಟಿಯೂ ಖಚಿತ ಉತ್ತರ ಕೊಡುವುದಿಲ್ಲ. ಆರೋಗ್ಯವಂತರು ನಿಯಮ ಹೇಳಲಾರದೆಯೂ ಕ್ರಮೇಣ ಸರಿಯಾಗಿ ಊಹಿಸತೊಡಗಿದರು. ನೆನಪಿನ ಶಕ್ತಿ ಕಳೆದುಕೊಂಡವರೂ ಕಲಿತರು. ಆದರೆ ಚೀಟಿಗಳ ಬಗ್ಗೆ ಕೇಳಿದರೆ ಅವರಿಗೆ ಹೆಚ್ಚೇನೂ ನೆನಪಿರಲಿಲ್ಲ. ಪಾರ್ಕಿನ್ಸನ್ ರೋಗಿಗಳಾದರೋ ಚೀಟಿಗಳನ್ನೆಲ್ಲ ಚೆನ್ನಾಗಿ ನೆನಪಿಟ್ಟಿದ್ದರು, ಊಹೆಯಲ್ಲಿ ಮಾತ್ರ ಮುಂದೆ ಸಾಗಲಿಲ್ಲ.

ಅದೇ 1996ರಲ್ಲಿ ಅಟ್ಲಾಂಟಾದಲ್ಲಿ ಮುಹಮ್ಮದ್ ಅಲಿ ಒಲಿಂಪಿಕ್ ಜ್ಯೋತಿ ಬೆಳಗಿಸಿದಾಗ ಜಗತ್ತು ಅವರ ನಡುಗುವ ಕೈಯನ್ನು ಕಂಡಿತು. ನಡುಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳಗೆ ಅಭ್ಯಾಸ ಕುಸಿಯುವುದು ಮನೆಯವರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದಲೇ ನಮ್ಮ ಮನೆಗಳಲ್ಲಿ ಅನ್ಯಾಯ ನಡೆಯುತ್ತದೆ. ಅಬ್ಬಾ ಬೇಕೆಂದೇ ನಿಧಾನಿಸುತ್ತಾರೆ, ಅಮ್ಮನ ಮುಖದಲ್ಲಿ ನಗುವೇ ಇಲ್ಲ, ಸಿಟ್ಟಾಗಿದ್ದಾರೆ ಎನ್ನುತ್ತೇವೆ. ನಗುವುದೂ ನಡೆಯುವಾಗ ಕೈ ಬೀಸುವುದೂ ತಾನಾಗಿ ಆಗುವ ಕ್ರಿಯೆಗಳು. ಅವೇ ಈ ರೋಗಕ್ಕೆ ಮೊದಲು ಬಲಿಯಾಗುವಂಥವು. ಕೆಲವರು ಮಾಟವೆಂದು ಶಂಕಿಸಿ ತಾಯತ ಕಟ್ಟಿಸಲು ಅಲೆಯುತ್ತಾರೆ. ಆ ಅಲೆದಾಟದಲ್ಲಿ ಚಿಕಿತ್ಸೆಯ ವರ್ಷಗಳೇ ಕಳೆದುಹೋಗುತ್ತವೆ.

ಒಂದು ಉಪಾಯವಿದೆ. ಕೈಬಿಟ್ಟ ಅಭ್ಯಾಸದ ಕೆಲಸವನ್ನು ಅರಿವಿಗೆ ಒಪ್ಪಿಸಬಹುದು. ಹೆಜ್ಜೆ ಕಿತ್ತಿಡಲಾಗದೆ ನಿಂತ ರೋಗಿ ನೆಲದ ಮೇಲಿನ ಅಡ್ಡಗೆರೆಗಳನ್ನು ದಾಟುತ್ತಾ ನಡೆಯಬಲ್ಲರು. ಎದ್ದೇಳುವಾಗ ಒಂದೊಂದೇ ಹಂತವನ್ನು ಬಾಯಲ್ಲಿ ಹೇಳಿಕೊಂಡರೂ ಸಹಾಯವಾಗುತ್ತದೆ. ನಡೆಯುವಾಗ ಅವರನ್ನು ಮಾತಿಗೆಳೆಯಬಾರದು, ಏಕೆಂದರೆ ಆ ಹೊತ್ತಿನಲ್ಲಿ ಅವರ ಗಮನವೇ ಅವರ ಊರುಗೋಲು. 2004ರ ಇನ್ನೊಂದು ಅಧ್ಯಯನದ ಪ್ರಕಾರ, ಸರಿ-ತಪ್ಪು ಎಂದು ಪ್ರತಿಬಾರಿ ಹೇಳಿ ಕಲಿಸುವುದಕ್ಕಿಂತ ನೋಡಿ ಕಲಿಯುವಂತೆ ಮಾಡಿದಾಗ ಈ ರೋಗಿಗಳು ಉತ್ತಮವಾಗಿ ಕಲಿತರು. ‘ಹಾಗಲ್ಲ, ಹೀಗೆ’ ಎಂದು ಗದರುವ ಮಕ್ಕಳು ಇದನ್ನು ಗಮನಿಸಬೇಕು. ಆರೈಕೆಯನ್ನೆಲ್ಲ ಸೊಸೆಯ ಹೆಗಲಿಗೇರಿಸಿ ಉಪದೇಶವನ್ನು ಮಾತ್ರ ತಮ್ಮಲ್ಲಿಟ್ಟುಕೊಳ್ಳುವ ಗಂಡುಮಕ್ಕಳಂತೂ ವಿಶೇಷವಾಗಿ ಗಮನಿಸಬೇಕು.

ರೋಗ ಬಲಿತಾಗ ಹಲವರಲ್ಲಿ ನಿಜವಾದ ಮರೆವೂ ಕಾಣಿಸಿಕೊಳ್ಳಬಹುದು ಎಂಬುದನ್ನು ಮರೆಮಾಚಲಾಗದು. ಆದರೆ ಮೊದಲ ದಿನದಿಂದಲೇ ಅವರನ್ನು ಬುದ್ಧಿ ಮಂಕಾದವರೆಂದು ಸಂಸಾರದ ಸಮಾಲೋಚನೆಗಳಿಂದ ದೂರವಿಡುವುದು ಯಾವ ನ್ಯಾಯ?

ಕೊನೆಗೆ ರಮಝಾನಿನ ಮಾತು. ಲೆವೊಡೋಪಾ ಮಾತ್ರೆಯನ್ನು ದಿನದಲ್ಲಿ ಹಲವು ಬಾರಿ, ಹೊತ್ತಿಗೆ ಸರಿಯಾಗಿ ಸೇವಿಸಬೇಕಾಗುತ್ತದೆ. ದಿಢೀರನೆ ನಿಲ್ಲಿಸಿದರೆ ಮೈ ಸೆಟೆದು, ತೀವ್ರ ಜ್ವರ ಬಂದು ಪ್ರಾಣಾಪಾಯವೂ ಒದಗಬಹುದು. ಅಲ್ಲಾಹನು ಕುರ್‌ಆನಿನಲ್ಲಿ ರೋಗಿಗೆ ಉಪವಾಸದಿಂದ ವಿನಾಯಿತಿ ನೀಡಿದ್ದಾನೆ. ನಿಲ್ಲಲಾಗದವರು ಕುಳಿತು ನಮಾಝ್ ಮಾಡಬಹುದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕಂಡು ಮಾತ್ರೆಯ ವೇಳೆಯನ್ನು ಬರೆಯಿಸಿಕೊಳ್ಳಿ. ಆ ಚೀಟಿಯೊಂದಿಗೆ ವಿದ್ವಾಂಸರನ್ನು ಭೇಟಿಯಾಗಿ ಫಿದ್ಯಾದ ವಿಷಯ ವಿಚಾರಿಸಿ. ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಪ್ರಶ್ನೆಯನ್ನು ಅವರೇ ಕೇಳಲಿ, ಅವರ ಮಾತು ಮುಗಿಯುವವರೆಗೆ ನಾವು ಕಾಯೋಣ.