ನಶೆಯ ಸೆಳೆತ ಮತ್ತು ನಮ್ಮ ಹೊಣೆ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಶೆ ಮಾಡುವವನನ್ನು ‘ಪ್ರಾಣಿಗಿಂತ ಕಡೆ’ ಎಂದು ಬೈಯುತ್ತೇವೆ. ಆದರೆ ಈ ಸೆಳೆತ ಪ್ರಾಣಿಗಳಲ್ಲಿಯೂ ಉಂಟು. ಕಳಿತ ಹಣ್ಣು ಹುಳಿತರೆ ಅದರ ಸಕ್ಕರೆ ತಾನಾಗಿಯೇ ಮದ್ಯಸಾರವಾಗುತ್ತದೆ; ಆ ವಾಸನೆಗೆ ನೊಣಗಳು ಮುತ್ತುತ್ತವೆ. ಮಲೇಷ್ಯಾದ ಕಾಡಿನಲ್ಲಿ ಇಲಿಯಷ್ಟು ಚಿಕ್ಕದೊಂದು ಪ್ರಾಣಿ ತಾಳೆ ಜಾತಿಯ ಗಿಡದ ಹುಳಿತ ಮಕರಂದವನ್ನು ರಾತ್ರಿ ಹೊತ್ತು ಹೀರುತ್ತದೆ, ಆದರೂ ತೂರಾಡುವುದಿಲ್ಲ ಎಂದು 2008ರಲ್ಲಿ ವಿಜ್ಞಾನಿಗಳು ತಿಳಿಸಿದರು. ಅದಕ್ಕೆ ಅದು ಆಹಾರ. ಮನುಷ್ಯ ಮಾತ್ರ ಅದನ್ನೇ ಭಟ್ಟಿ ಇಳಿಸಿ, ಹತ್ತಾರು ಪಟ್ಟು ತೀಕ್ಷ್ಣಗೊಳಿಸಿ, ವರ್ಷವಿಡೀ ಅಂಗಡಿಯಲ್ಲಿಟ್ಟ.

ನಮ್ಮ ಜಿಲ್ಲೆಗೂ ಇದರಲ್ಲೊಂದು ಇತಿಹಾಸವಿದೆ. 1604ರ ಸುಮಾರಿಗೆ ಮೊಗಲರ ರಾಯಭಾರಿ ಅಸದ್ ಬೇಗ್ ಆದಿಲಶಾಹಿ ಬಿಜಾಪುರದಿಂದ ತಂಬಾಕು, ಹುಕ್ಕಾ ಒಯ್ದು ಅಕ್ಬರನ ಮುಂದಿಟ್ಟ. ಪರೀಕ್ಷಿಸದ ವಸ್ತು, ಬೇಡವೆಂದು ಹಕೀಮರು ತಡೆದರು. ಬಾದಶಹ ಎರಡು-ಮೂರು ದಮ್ಮು ಎಳೆದು ಬಿಟ್ಟ, ದರ್ಬಾರಿನವರು ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧಿಸಿದರೂ ಚಟ ನಿಲ್ಲಲಿಲ್ಲ. ಗಿಡ ನಿಕೋಟಿನ್ ತಯಾರಿಸುವುದು ಕೀಟಗಳನ್ನು ಓಡಿಸಲು. ಕೀಟ ದೂರ ಸರಿಯುತ್ತದೆ, ಮನುಷ್ಯ ಹತ್ತಿರ ಬರುತ್ತಾನೆ!

ನಮ್ಮ ಕಾಲದಲ್ಲಿಯೂ ಹಾಗೆಯೇ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳಿತು. ಕಾನೂನು ಬೇಕು, ಅದೊಂದೇ ಸಾಲದು.

ಹಾಗಾದರೆ ಮತ್ತೇನು ಬೇಕು? 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಹೆಣ್ಣುಗಳು ತಿರಸ್ಕರಿಸಿದ ಗಂಡು ನೊಣಗಳು ಮದ್ಯ ಬೆರೆಸಿದ ಆಹಾರವನ್ನೇ ಹೆಚ್ಚು ತಿಂದವು. ಜೊತೆ ಸಿಕ್ಕಾಗ ಆ ಒಲವು ಇಳಿಯಿತು. ಮನುಷ್ಯ ನೊಣವಲ್ಲ, ನಿಜ. ಆದರೂ ಎಸ್.ಎಸ್.ಎಲ್.ಸಿ. ನಪಾಸಾದ ಹುಡುಗ, ಗುಳೆ ಹೋಗಿ ಒಂಟಿಯಾಗಿ ದುಡಿಯುವ ತರುಣ ಮೊದಲು ಯಾರ ಕೈಗೆ ಸಿಗುತ್ತಾನೆ? ನಾವು ಕೈ ಹಿಡಿಯದಿದ್ದರೆ ಪಾನ್ ಅಂಗಡಿ ಹಿಡಿಯುತ್ತದೆ.

ಸೆಳೆತ ಸಹಜ; ಸಹಜವಾದದ್ದೆಲ್ಲ ಸರಿಯಲ್ಲ. ಇಸ್ಲಾಮಿನಲ್ಲಿ ಮದ್ಯದ ನಿಷೇಧ ಹಂತಹಂತವಾಗಿ ಬಂತೆಂಬುದನ್ನು ನಾವೆಲ್ಲ ಬಲ್ಲೆವು. ಮನುಷ್ಯನ ದೌರ್ಬಲ್ಯ ತಿಳಿದು ತಿದ್ದುವ ದಾರಿ ಅದು. ಪಾಲಕರೇ, ಮಗನ ಜೇಬಿನಲ್ಲಿ ಚೀಟಿ ಸಿಕ್ಕರೆ ಹೊಡೆಯುವ ಮೊದಲು ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿರಿ. ತಂಬಾಕು ಬಿಡಲು 1800-11-2356ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ. ವಿದ್ಯಾರ್ಥಿಗಳೇ, ಗೆಳೆಯನೊಬ್ಬ ಮೊದಲ ಚೀಟಿ ಹರಿಯುವಾಗ ಅವನ ಕೈ ಹಿಡಿಯುವವರು ನೀವಾಗಿರಿ.