ಕಾಲು ಮುಂದಾಗಿ ಬರುವ ಕಂದ

ಸೊಂಟ ಉಳುಕಿದಾಗ ನಮ್ಮ ಹಳ್ಳಿಗಳಲ್ಲಿ ಮಾಡುವ ಒಂದು ಉಪಚಾರ ತಮಗೆ ತಿಳಿದಿರಬಹುದು. ಹುಟ್ಟುವಾಗ ಕಾಲು ಮುಂದಾಗಿ ಬಂದವರನ್ನು ಹುಡುಕಿ ಕರೆತಂದು, ಅವರ ಪಾದವನ್ನು ನೋವಿದ್ದ ಜಾಗಕ್ಕೆ ಮುಟ್ಟಿಸುವುದು. ಹಾಗೆ ಮಾಡಿದರೆ ಉಳುಕು ಹೋಗುತ್ತದೆಂದು ನಂಬಿಕೆ. ಹೋಗುತ್ತದೆಯೋ ಇಲ್ಲವೋ, ಆ ಚರ್ಚೆ ಇಂದಿನ ಭಾಷಣದ ವಿಷಯವಲ್ಲ. ಆದರೆ ಆ ನಂಬಿಕೆಯ ಒಳಗೆ ಹಿಂದಿನ ಕಾಲದ ಒಂದು ಲೆಕ್ಕ ಅಡಗಿದೆಯೆಂದು ನನಗೆ ಅನ್ನಿಸುವುದುಂಟು. ಕಾಲು ಮುಂದಾಗಿ ಬಂದು, ಬದುಕಿ, ಬೆಳೆದು ದೊಡ್ಡವರಾದವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಿದ್ದರು. ಆದುದರಿಂದಲೇ ಅವರ ಪಾದಕ್ಕೆ ಅಷ್ಟು ಮಹಿಮೆ ಬಂದಿರಬೇಕು. ಹಾಗೆ ಬಂದು ಬದುಕದೆ ಹೋದ ಶಿಶುಗಳ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ಬಸುರಿನ ಕೊನೆಯ ವಾರಗಳಲ್ಲಿ ಮಗು ತಲೆ ಕೆಳಗಾಗಿ ನೆಲೆಸುವುದು ಪ್ರಕೃತಿಯ ವಾಡಿಕೆ. ಗರ್ಭಕೋಶದ ಮೇಲುಭಾಗ ಅಗಲ, ಕೆಳಭಾಗ ಇಕ್ಕಟ್ಟು. ಮಡಿಸಿದ ಕಾಲುಗಳೂ ಪೃಷ್ಠವೂ ಸೇರಿದರೆ ತಲೆಗಿಂತ ಹೆಚ್ಚು ಜಾಗ ಬೇಕು. ಆದುದರಿಂದ ಅವು ಅಗಲವಾದ ಮೇಲುಭಾಗವನ್ನು ಆರಿಸಿಕೊಳ್ಳುತ್ತವೆ, ತಲೆ ಕೆಳಗೆ ಇಳಿಯುತ್ತದೆ. ಇಪ್ಪತ್ತೆಂಟನೆಯ ವಾರದ ಸುಮಾರಿಗೆ ನಾಲ್ಕೈದು ಶಿಶುಗಳಲ್ಲಿ ಒಂದು ಇನ್ನೂ ತಲೆ ಮೇಲಾಗಿಯೇ ಇರುತ್ತದೆ. ಆಗ ನೀರು ಧಾರಾಳ, ಮಗು ಚಿಕ್ಕದು. ಅದು ಇಂದು ಹೀಗೆ, ನಾಳೆ ಹಾಗೆ ಹೊರಳಾಡುತ್ತಿರುತ್ತದೆ. ದಿನ ತುಂಬುವ ಹೊತ್ತಿಗೆ ನೂರರಲ್ಲಿ ಮೂರೋ ನಾಲ್ಕೋ ಶಿಶುಗಳು ಮಾತ್ರ ತಿರುಗದೆ ಉಳಿಯುತ್ತವೆ. ವೈದ್ಯರು ‘ಬ್ರೀಚ್’ ಎನ್ನುವುದು ಈ ಸ್ಥಿತಿಯನ್ನೇ.

ಇದು ರೋಗವಲ್ಲ, ಶಾಪವೂ ಅಲ್ಲ. ಮಗು ಕುಳಿತ ಒಂದು ಭಂಗಿ. ಮಾಸು ಕೆಳಗೆ ಅಂಟಿಕೊಂಡಿರುವುದು, ನೀರು ತೀರ ಹೆಚ್ಚಾಗಿ ಅಥವಾ ಕಡಿಮೆಯಾಗಿರುವುದು, ಗರ್ಭಕೋಶದಲ್ಲಿ ಗಡ್ಡೆಯಿರುವುದು ಅಥವಾ ಅದರ ಆಕಾರವೇ ಬೇರೆಯಾಗಿರುವುದು, ಅವಳಿ ಮಕ್ಕಳಿರುವುದು, ಇವು ಕೆಲವು ಕಾರಣಗಳು. ಎಷ್ಟೋ ಸಲ ಯಾವ ಕಾರಣವೂ ಕಾಣಿಸುವುದಿಲ್ಲ. ಬಸುರಿ ಎದ್ದು ಕೂರದೆ ಮಲಗಿದಲ್ಲೇ ಮಗ್ಗುಲು ಬದಲಿಸಿದಳು, ಅದಕ್ಕೇ ಹೀಗಾಯಿತು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಆ ಮಾತಿಗೆ ಆಧಾರವಿಲ್ಲ. ಮೊದಲೇ ಹೆದರಿದ ಹೆಣ್ಣಿನ ತಲೆಯ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ಅಪಾಯ ಎಲ್ಲಿದೆ? ಮಗುವಿನ ದೇಹದಲ್ಲಿ ಅತಿ ದೊಡ್ಡದೂ ಅತಿ ಗಟ್ಟಿಯಾದದ್ದೂ ತಲೆ. ಅದು ಮೊದಲು ಬಂದಾಗ ಗಂಟೆಗಟ್ಟಲೆ ನಿಧಾನವಾಗಿ ದಾರಿ ಬಿಡಿಸಿಕೊಳ್ಳುತ್ತದೆ. ಹಿಂದಿನಿಂದ ಮೈ ಸಲೀಸಾಗಿ ಜಾರಿ ಬರುತ್ತದೆ. ತಲೆ ಕೊನೆಗೆ ಬರುವಾಗ ಆ ಅವಕಾಶವಿಲ್ಲ. ಸಣ್ಣ ಮೈ ಹೊರಬಂದು ತಲೆ ಒಳಗೇ ತಡೆದು ನಿಲ್ಲಬಹುದು. ಆ ಹೊತ್ತಿಗೆ ಹೊಕ್ಕುಳಬಳ್ಳಿ ತಲೆಗೂ ತಾಯಿಯ ಎಲುಬಿಗೂ ನಡುವೆ ಒತ್ತಿಹೋಗಿ ಮಗುವಿಗೆ ಪ್ರಾಣವಾಯು ನಿಲ್ಲುತ್ತದೆ. ಅಲ್ಲಿ ಇರುವುದು ಕೆಲವೇ ನಿಮಿಷಗಳ ಸಮಯ. ಕೆಲವು ಶಿಶುಗಳು ಎರಡೂ ಕಾಲನ್ನು ನೀಟಾಗಿ ಮೇಲೆತ್ತಿ, ಪಾದವನ್ನು ಮುಖದ ಬಳಿ ಇಟ್ಟುಕೊಂಡಿರುತ್ತವೆ. ಕೆಲವು ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತವೆ. ಕೆಲವು ಒಂದು ಕಾಲನ್ನೋ ಎರಡನ್ನೂವೋ ಕೆಳಗೆ ಚಾಚಿರುತ್ತವೆ. ಈ ಮೂರನೆಯ ಭಂಗಿಯಲ್ಲಿ ಗರ್ಭಕೋಶದ ಬಾಯಿಗೆ ಸರಿಯಾದ ಮುಚ್ಚಳವಿರುವುದಿಲ್ಲ. ನೀರು ಒಡೆದೊಡನೆ ಹೊಕ್ಕುಳಬಳ್ಳಿ ಜಾರಿ ಹೊರಗೆ ಬರುವ ಭಯ ಇಲ್ಲಿ ಹೆಚ್ಚು.

ಇದೆಲ್ಲ ಹೊಸ ಜ್ಞಾನವೇನೂ ಅಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ‘ಮೂಢಗರ್ಭ’ಕ್ಕೆ ಒಂದು ಅಧ್ಯಾಯವೇ ಇದೆ. ದಾರಿ ತಪ್ಪಿದ ಶಿಶುವಿನ ನಿಲುವುಗಳಿಗೆ ಕೀಲ, ಪ್ರತಿಖುರ, ಬೀಜಕ, ಪರಿಘ ಎಂದು ಹೆಸರಿಟ್ಟಿದ್ದಾರೆ. ಪೃಷ್ಠ ಮುಂದಾಗಿ ಬಂದರೆ ಅದನ್ನು ಮೇಲಕ್ಕೊತ್ತಿ, ಕಾಲುಗಳನ್ನು ನೀಡಿಸಿ ತೆಗೆಯಬೇಕೆಂದು ಚಿಕಿತ್ಸಾಸ್ಥಾನ ಹೇಳುತ್ತದೆ. ನಮ್ಮ ಸೂಲಗಿತ್ತಿಯರು ಗ್ರಂಥ ಓದಿದವರಲ್ಲ. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟು ತಲೆ ಎಲ್ಲಿ, ಬೆನ್ನು ಎಲ್ಲಿ ಎಂದು ಹೇಳಬಲ್ಲವರಾಗಿದ್ದರು. 2018ರಲ್ಲಿ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ, ಗೌರವ ಸಂದದ್ದು ಅಂಥ ಸಾವಿರಾರು ಕೈಗಳಿಗೆ. ಆ ಕೈಗೆ ತಿಳಿಯುವುದು ಇಂದಿಗೂ ನಿಜವೇ. ಪಕ್ಕೆಲುಬಿನ ಕೆಳಗೆ ಗುಂಡಗೆ, ಗಟ್ಟಿಯಾಗಿ, ಅಲುಗಾಡುವ ತಲೆ ಸಿಗುತ್ತದೆ. ಎದೆಬಡಿತ ಹೊಕ್ಕುಳಿಗಿಂತ ಮೇಲೆ ಕೇಳಿಸುತ್ತದೆ. ಒದೆತ ಕೆಳಗೆ, ಮೂತ್ರಕೋಶದ ಹತ್ತಿರ ಎಂದು ತಾಯಿಯೇ ಹೇಳುತ್ತಾಳೆ. ಸ್ಕ್ಯಾನ್ ಯಂತ್ರ ಅದನ್ನು ಖಚಿತಪಡಿಸುತ್ತದೆ. ಸೂಲಗಿತ್ತಿಗೆ ಇಲ್ಲದಿದ್ದದ್ದು ತಿಳಿವಳಿಕೆಯಲ್ಲ. ತಿಳಿದ ಮೇಲೆ ಮಾಡಬೇಕಾದದ್ದಕ್ಕೆ ಬೇಕಾದ ಶಸ್ತ್ರಚಿಕಿತ್ಸೆ, ರಕ್ತ ಮತ್ತು ಅರಿವಳಿಕೆ.

ಇಂದು ಅವೆಲ್ಲ ನಮ್ಮಲ್ಲಿವೆ. ಆದರೂ ಎಡವುವುದುಂಟು. ಹೇಗೆಂದು ಹೇಳುತ್ತೇನೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಹೆಣ್ಣುಮಕ್ಕಳು ಮದುವೆಯಾಗಿ ಬೆಂಗಳೂರಿಗೋ ಮುಂಬಯಿಗೋ ಹೋದರೂ ಚೊಚ್ಚಲ ಹೆರಿಗೆಗೆ ತವರಿಗೇ ಬರುತ್ತಾರೆ. ಸೀಮಂತ ಮುಗಿಸಿ, ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ, ಏಳು ಎಂಟು ತಿಂಗಳಿಗೆ ಬಂದಿಳಿಯುತ್ತಾರೆ. ಬಹಳ ಒಳ್ಳೆಯ ಪದ್ಧತಿ. ಹೆತ್ತಮ್ಮನ ಕೈಯ ಗಂಜಿಗೆ ಸಮನಾದ ಔಷಧ ಇಲ್ಲ. ಆದರೆ ಒಂದು ತೊಡಕನ್ನು ಗಮನಿಸಬೇಕು. ಮಗು ತನ್ನ ನಿಲುವನ್ನು ಗೊತ್ತುಮಾಡಿಕೊಳ್ಳುವುದೂ, ತಾಯಿ ಊರನ್ನೂ ವೈದ್ಯರನ್ನೂ ಬದಲಿಸುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ.

ಹಲವು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ನಾನು ಕೆಲಸದಲ್ಲಿದ್ದ ಆಸ್ಪತ್ರೆಗೆ ಒಬ್ಬ ಹುಡುಗಿಯನ್ನು ಕರೆತಂದರು. ಚೊಚ್ಚಲು. ನೀರು ಒಡೆದು ಮೂರು ತಾಸಾಗಿತ್ತು. ಘಟ್ಟದ ಬುಡದ ಹಳ್ಳಿಯಿಂದ ಬರುವ ದಾರಿಯಲ್ಲಿ ಮರ ಬಿದ್ದು ತಡವಾಯಿತು. ನೋಡಿದರೆ ಮಗುವಿನ ಒಂದು ಪಾದ ಹೊರಗೆ ಕಾಣುತ್ತಿತ್ತು. ಶಸ್ತ್ರಚಿಕಿತ್ಸೆಗೆ ಸಿದ್ಧಮಾಡಲು ಸಮಯವಿರಲಿಲ್ಲ. ಅಂಥ ಹೆರಿಗೆಗಳನ್ನು ಕೈಯಿಂದಲೇ ಮಾಡಿಸಿ ಪಳಗಿದ ಹಿರಿಯರೊಬ್ಬರು ಆ ರಾತ್ರಿ ಅಲ್ಲಿದ್ದದ್ದು ನಮ್ಮ ಪುಣ್ಯ. ತಲೆ ಹೊರಬರುವವರೆಗಿನ ಎರಡು ನಿಮಿಷ ಆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮಗು ಅಳುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಅತ್ತಿತು. ಹೊರಗೆ ಅಜ್ಜಿ ನನ್ನ ಕೈ ಹಿಡಿದು, “ಅದ್ ತಿರ್ಗತ್ತ್ ಅಂದಿದ್ರಲ್ದಾ ಅಮ್ಮಾ?” ಎಂದರು.

ಆ ಮಾತು ಸುಳ್ಳಲ್ಲ. ಏಳನೆಯ ತಿಂಗಳಲ್ಲಿ ದೂರದ ಊರಿನ ವೈದ್ಯರು ಹಾಗೆ ಹೇಳಿದ್ದರೆ ಸರಿಯಾಗಿಯೇ ಹೇಳಿದ್ದರು. ಆದರೆ ಅದು ಅರ್ಧ ವಾಕ್ಯ. “ತಿರುಗುತ್ತದೆ, ಆದರೂ ಮೂವತ್ತಾರನೆಯ ವಾರದಲ್ಲಿ ಮತ್ತೆ ನೋಡಬೇಕು” ಎಂಬುದು ಪೂರ್ಣ ವಾಕ್ಯ. ಉಳಿದ ಅರ್ಧ ಎರಡು ಊರುಗಳ ನಡುವೆ ಎಲ್ಲೋ ಕಳೆದುಹೋಗಿತ್ತು. ಇಂದು ನಾನು ಹೇಳಬೇಕೆಂದು ಬಂದದ್ದು ಈ ಉಳಿದ ಅರ್ಧವನ್ನೇ.

ತವರಿಗೆ ಬರುವಾಗ ಸೀರೆ ಬಳೆಗಳೊಡನೆ ತಾಯಿ ಕಾರ್ಡನ್ನೂ ಸ್ಕ್ಯಾನ್ ವರದಿಗಳನ್ನೂ ತರಬೇಕು. ಬಂದ ವಾರದಲ್ಲೇ ಇಲ್ಲಿನ ವೈದ್ಯರಿಗೆ ತೋರಿಸಬೇಕು. ಮೂವತ್ತಾರನೆಯ ವಾರದಲ್ಲಿ ಮಗುವಿನ ನಿಲುವನ್ನು ಪುನಃ ಪರೀಕ್ಷಿಸಬೇಕು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಕು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡಾಗಿದೆ. ಆಶಾ ಕಾರ್ಯಕರ್ತೆಯರು ಮನೆಗೇ ಬಂದು ವಿಚಾರಿಸುತ್ತಾರೆ. ಹಣವಿಲ್ಲವೆಂದು ಈ ಪರೀಕ್ಷೆಯನ್ನು ಬಿಡಬೇಕಾಗಿಲ್ಲ.

ಆಗಲೂ ಮಗು ತಿರುಗಿರದಿದ್ದರೆ ಮೊದಲ ಉಪಾಯ, ಹೊರಗಿನಿಂದ ಕೈಯಲ್ಲೇ ತಿರುಗಿಸುವುದು. ಮಾಸು ಕೆಳಗಿದ್ದರೆ, ರಕ್ತಸ್ರಾವವಾಗಿದ್ದರೆ, ನೀರು ಒಡೆದಿದ್ದರೆ, ಅವಳಿಯಾಗಿದ್ದರೆ ಇದನ್ನು ಮಾಡುವುದಿಲ್ಲ. ಉಳಿದವರಿಗೆ ಸ್ಕ್ಯಾನ್ ಮಾಡಿ, ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ಗಮನಿಸಿ, ಗರ್ಭಕೋಶ ಸಡಿಲವಾಗಲು ಔಷಧ ಕೊಟ್ಟು, ಅನುಭವಿ ವೈದ್ಯರು ಪೃಷ್ಠವನ್ನು ಮೆಲ್ಲನೆ ಮೇಲೆತ್ತಿ, ಶಿಶು ಮುಂದಕ್ಕೆ ಲಾಗ ಹಾಕುವಂತೆ ಹೊರಳಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಸುಮಾರು ಅರ್ಧದಷ್ಟು ಮಂದಿಯಲ್ಲಿ ಇದು ಫಲಿಸುತ್ತದೆ. ಹಿಂದೆ ಹೆತ್ತವರಲ್ಲಿ ಹೆಚ್ಚು, ಚೊಚ್ಚಲಲ್ಲಿ ಕಡಿಮೆ. ಇನ್ನೂರರಲ್ಲಿ ಒಬ್ಬರಿಗೆ ಆ ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆದುದರಿಂದ ಆ ಸೌಕರ್ಯವಿರುವಲ್ಲಿ ಮಾತ್ರ ಇದನ್ನು ಮಾಡತಕ್ಕದ್ದು. ತಾಯಿಯದು ನೆಗೆಟಿವ್ ಗುಂಪಿನ ರಕ್ತವಾದರೆ ಅನಂತರ ಆಂಟಿ-ಡಿ ಚುಚ್ಚುಮದ್ದು ಅಗತ್ಯ. ಮನೆಯಲ್ಲಿ ಎಣ್ಣೆ ಹಚ್ಚಿ ಹೊಟ್ಟೆ ನೀವಿ ತಿರುಗಿಸಲು ಹೋಗುವುದು ಮಾತ್ರ ಖಂಡಿತ ಕೂಡದು, ಮಾಸು ಕಿತ್ತುಬರಬಹುದು. ಮೊಣಕಾಲೂರಿ ಬಗ್ಗುವ ಭಂಗಿಗಳಿಂದ ಮಗು ತಿರುಗುತ್ತದೆಂಬುದಕ್ಕೂ ಸಾಕಷ್ಟು ಪುರಾವೆ ದೊರೆತಿಲ್ಲ.

ತಿರುಗದಿದ್ದರೆ? 2000ದಲ್ಲಿ ಟೊರಾಂಟೊದ ಮೇರಿ ಹ್ಯಾನಾ ಮತ್ತು ಸಂಗಡಿಗರು 26 ದೇಶಗಳ 2,088 ಗರ್ಭಿಣಿಯರ ಮೇಲೆ ನಡೆಸಿದ ದೊಡ್ಡ ಅಧ್ಯಯನವೊಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲೇ ಗೊತ್ತುಮಾಡಿದ ಸಿಸೇರಿಯನ್‌ನಲ್ಲಿ ಶಿಶುಮರಣ ಅಥವಾ ಗಂಭೀರ ತೊಂದರೆ ನೂರಕ್ಕೆ 1.6, ಸಹಜ ಹೆರಿಗೆಗೆ ಬಿಟ್ಟವರಲ್ಲಿ 5 ಎಂದು ಅದು ತೋರಿಸಿತು. ಅಂದಿನಿಂದ ಲೋಕದ ಬಹುಭಾಗ ಸಿಸೇರಿಯನ್‌ನತ್ತ ವಾಲಿತು. ಅದೇ ಮಕ್ಕಳನ್ನು ಎರಡು ವರ್ಷ ತುಂಬಿದಾಗ ನೋಡಿದರೆ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು 2004ರಲ್ಲಿ ತಿಳಿದುಬಂತು. ಆದುದರಿಂದ ಪಳಗಿದ ಕೈ, ತಕ್ಕ ತೂಕದ ಮಗು, ಒಳ್ಳೆಯ ಭಂಗಿ, ಹತ್ತಿರದಲ್ಲೇ ಶಸ್ತ್ರಚಿಕಿತ್ಸೆಯ ಸೌಕರ್ಯ ಇದ್ದಲ್ಲಿ ಸಹಜ ಹೆರಿಗೆಯೂ ಸಾಧ್ಯ. ಆದರೆ ಆ ಪಳಗಿದ ಕೈಗಳು ಈಗ ವಿರಳವಾಗುತ್ತಿವೆ. ಸಿಸೇರಿಯನ್ ಆದರೆ ಗರ್ಭಕೋಶದ ಮೇಲೆ ಕಲೆ ಉಳಿಯುತ್ತದೆ, ಮುಂದಿನ ಬಸುರಿನಲ್ಲಿ ಎಚ್ಚರ ಬೇಕು. ಎರಡರಲ್ಲೂ ಲಾಭವಿದೆ, ನಷ್ಟವಿದೆ. ಅದನ್ನು ಹೆರಿಗೆ ನೋವಿನ ನಡುವೆ ಅಲ್ಲ, ಮುಂಚೆಯೇ ಕುಳಿತು ಮಾತಾಡಿ ನಿರ್ಧರಿಸಬೇಕು. ಆ ಮಾತುಕತೆಯಲ್ಲಿ ಗಂಡ, ಅತ್ತೆ, ತಾಯಿ ಇರಲಿ. ಹೆರುವವಳ ಮಾತೂ ಇರಲಿ.

ಇನ್ನು ದಾರಿಯ ಮಾತು. ಬೈಂದೂರಿನಿಂದ ಕುಂದಾಪುರಕ್ಕೆ 30 ಕಿಲೋಮೀಟರಿಗೂ ಮಿಕ್ಕಿದ ದಾರಿ, ಅಲ್ಲಿಂದ ಉಡುಪಿಗೆ ಮತ್ತೆ ಅಷ್ಟೇ. ಬ್ರಹ್ಮಾವರದವರಿಗೆ ಉಡುಪಿ, ಮಣಿಪಾಲ ಹತ್ತಿರ. ಗಂಗೊಳ್ಳಿಯವರಿಗೆ ಕುಂದಾಪುರ ಹೊಳೆಯಾಚೆ ಕಣ್ಣಿಗೆ ಕಾಣುತ್ತದೆ. ರಸ್ತೆಯಲ್ಲಿ ಬಳಸು ದಾರಿ. ಕೊಲ್ಲೂರು, ಅಮಾಸೆಬೈಲು ಕಡೆಯವರಿಗೆ ಮಳೆಗಾಲದ ರಾತ್ರಿ ಇನ್ನೂ ದೂರ. ಮಗು ತಿರುಗಿಲ್ಲವೆಂದು ತಿಳಿದ ಮನೆಯವರು ದಿನ ಹತ್ತಿರವಾದಾಗ ಪೇಟೆಯ ನೆಂಟರ ಮನೆಯಲ್ಲಿ ಉಳಿಯುವುದು ಜಾಣತನ. ನೀರು ಒಡೆದರೆ ನೋವು ಬರಲೆಂದು ಕಾಯಬಾರದು. ಕೂಡಲೇ 108ಕ್ಕೆ ಕರೆ ಮಾಡಿ ಹೊರಡಬೇಕು. ಹೊಕ್ಕುಳಬಳ್ಳಿ ಹೊರಗೆ ಕಂಡರೆ ಅದನ್ನು ಮುಟ್ಟಬಾರದು, ಒಳಗೆ ತಳ್ಳಬಾರದು. ತಾಯಿ ಮೊಣಕಾಲೂರಿ, ಎದೆ ಕೆಳಗೆ, ಸೊಂಟ ಮೇಲೆ ಮಾಡಿ ಇರಬೇಕು. ವಾಹನದಲ್ಲಿ ಮಗ್ಗುಲಾಗಿ ಮಲಗಿಸಿ ಸೊಂಟದಡಿ ದಿಂಬು ಕೊಡಬೇಕು.

ಮಗು ಹುಟ್ಟಿದ ಮೇಲೂ ಒಂದು ಕೆಲಸ ಉಳಿದಿದೆ. ಹೀಗೆ ಕುಳಿತಿದ್ದ ಮಕ್ಕಳಲ್ಲಿ ತೊಡೆಯ ಕೀಲು ಸರಿಯಾಗಿ ಕೂಡದಿರುವ ಸಂಭವ ಹೆಚ್ಚು. ಆರು ವಾರದ ಹೊತ್ತಿಗೆ ಅದನ್ನು ಸ್ಕ್ಯಾನ್ ಮಾಡಿಸಬೇಕು. ಮಿಂದ ಮಗುವಿನ ಕಾಲು ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವ ಅಭ್ಯಾಸ ಕೀಲಿಗೆ ಒಳ್ಳೆಯದಲ್ಲ. ಕಾಲು ಮಡಿಸಿ ಆಡಿಸಲು ಎಡೆಯಿರಲಿ. ಮುಂದೆ ಅಜ್ಜಿಯಂದಿರು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳ ಸುತ್ತುತ್ತಾರಲ್ಲ, ಅದು ಕೀಲಿಗೂ ಹಿತ.

ಆ ಆಷಾಢದ ರಾತ್ರಿ ಹುಟ್ಟಿದ ಮಗುವನ್ನು ನಾನು ಮತ್ತೆ ನೋಡಿದ್ದು ಒಂದೇ ಸಲ, ಚುಚ್ಚುಮದ್ದಿಗೆ ಬಂದಾಗ. ಅಜ್ಜಿ ಅದರ ಪಾದ ತೋರಿಸಿ, ಊರಿನವರು ಈಗಲೇ ಸೊಂಟದ ನೋವಿಗೆ ಹೇಳಿಟ್ಟಿದ್ದಾರೆ ಎಂದು ನಕ್ಕರು. ನಾನೂ ನಕ್ಕೆ. ಆದರೆ ನನ್ನ ಆಸೆ ಬೇರೆ. ಇಂಥ ಮಕ್ಕಳೆಲ್ಲ ಬದುಕಿ ಬೆಳೆಯುವಂತಾಗಲಿ. ಊರಿಗೆ ಒಬ್ಬರೆಂಬ ಅಗ್ಗಳಿಕೆ ಆ ಪಾದಗಳಿಗೆ ಇಲ್ಲದೆ ಹೋಗಲಿ.

(ಬಾನುಲಿ ಭಾಷಣ)