ಬ್ಯಾರನ್ ಬೆಂಕಿ ಆರಿಸುವ ಮುಂಚೆ ಒಂದು ಲೆಕ್ಕ

(ಪಿರಿಯಾಪಟ್ಟಣದ ರೈತರ ಸಭೆಯಲ್ಲಿ ಆಡಿದ ಮಾತು)



ನನಗೀಗ ಐವತ್ತೇಳು. ಸರ್ಕಾರಿ ನೌಕರನಾಗಿದ್ದರೆ ಇನ್ನು ಮೂರು ವರ್ಷಕ್ಕೆ ಹಾರ ಹಾಕಿ ಕಳಿಸುತ್ತಿದ್ದರು. ರೈತನಿಗೆ ನಿವೃತ್ತಿಯ ದಿನವನ್ನು ಯಾರೂ ಗೊತ್ತು ಮಾಡಿಲ್ಲ. ಮಂಡಿನೋವೇ ಗೊತ್ತು ಮಾಡುತ್ತದೆ. ಹೊಗೆಸೊಪ್ಪು ಬೇಯಿಸುವಾಗ ಐದಾರು ದಿನ ಹಗಲೂ ರಾತ್ರಿ ಬ್ಯಾರನ್ ಮುಂದೆ ಕೂತು ಶಾಖ ನೋಡಬೇಕು. ಕಳೆದ ಹಂಗಾಮಿನಲ್ಲಿ ಎರಡು ಸಲ ನಿದ್ದೆ ಹತ್ತಿತು, ಶಾಖ ಏರಿ ಸೊಪ್ಪು ಕೆಟ್ಟಿತು.

ಬೆಂಗಳೂರಿನಿಂದ ಬಂದ ಮಗ ಅಂದ: "ಸಾಕು ಬುಡಪ್ಪ. ಜಮೀನು ಮಾರಿ ದುಡ್ಡು ಇಟ್ಟುಬುಡು. ತಿಂಗಳು ತಿಂಗಳು ಬಡ್ಡಿ ಬತ್ತದೆ, ಕೂತು ಉಣ್ಣು."

ನಿಮ್ಮ ಮನೆಯಲ್ಲೂ ಈ ಮಾತು ಬಂದಿರಬಹುದು. ಅದಕ್ಕೇ ನಾನು ಹಾಕಿದ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಸರ್ಕಾರ ಏನು ಕೊಡುತ್ತದೆ ನೋಡಿ. 2019ರಲ್ಲಿ ಕಿಸಾನ್ ಮಾನಧನ್ ಪಿಂಚಣಿ ಬಂತು. ಅರವತ್ತಾದ ಮೇಲೆ ತಿಂಗಳಿಗೆ 3,000 ರೂಪಾಯಿ. ಆದರೆ ಸೇರಲು ವಯಸ್ಸು 18ರಿಂದ 40. ನಾವು ಆಗಲೇ ಐವತ್ತು ದಾಟಿದ್ದೆವು. ಅವತ್ತು ಮೂವತ್ತು ವಯಸ್ಸಿನವನು ಸೇರಿದ್ದರೆ, ಅದೇ 3,000 ಅವನ ಕೈಗೆ ಬರುವುದು 2049ರಲ್ಲಿ! ಪಿಎಂ ಕಿಸಾನ್ ಹಣ ವರ್ಷಕ್ಕೆ 6,000, ಅಂದರೆ ತಿಂಗಳಿಗೆ 500. ಸಂಧ್ಯಾ ಸುರಕ್ಷಾ 65 ಆದ ಬಡವರಿಗೆ ಮಾತ್ರ. 2021ರಲ್ಲಿ ಅದನ್ನು 1,200ಕ್ಕೆ ಏರಿಸಿದರು. ಇದರಲ್ಲಿ ಯಾವ ಸಂಸಾರ ನಡೆದೀತು?

ಇನ್ನು ಮಗ ಹೇಳಿದ ದಾರಿ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಗಂಡ ಹೆಂಡತಿ ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ನೂರಕ್ಕೆ 7.40ರ ಬಡ್ಡಿಯಲ್ಲಿ ತಿಂಗಳಿಗೆ 9,250 ರೂಪಾಯಿ. ಐದು ವರ್ಷ ಖಾತ್ರಿ, ಅಸಲೂ ವಾಪಸು. ಕೇಳಲು ಚೆನ್ನಾಗಿದೆ. ಆದರೆ ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ, ಹನ್ನೆರಡು ವರ್ಷದಲ್ಲಿ ಆ ದುಡ್ಡಿನ ಬೆಲೆ ಅರ್ಧ. ಅಸಲಿನದೂ ಅಷ್ಟೆ. ನಮಗೆ ಎಪ್ಪತ್ತಾಗುವ ಹೊತ್ತಿಗೆ, ಔಷಧಿಯ ಖರ್ಚು ಹೆಚ್ಚುವ ಕಾಲಕ್ಕೆ, ಆದಾಯ ಸವೆದಿರುತ್ತದೆ. ಭೂಮಿಯಂತೂ ಮತ್ತೆ ಬರಲ್ಲ.

ಸಾಲ ಇದ್ದವರು ಇನ್ನೊಂದು ಲೆಕ್ಕ ಹಾಕಿ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಾದರೆ ಲಕ್ಷಕ್ಕೆ ವರ್ಷಕ್ಕೆ 24,000. ಅದೇ ಲಕ್ಷ ಅಂಚೆ ಕಚೇರಿಯಲ್ಲಿ ದುಡಿಯುವುದು 7,400. ಸಾಲ ಇಟ್ಟುಕೊಂಡು ಠೇವಣಿ ಇಡುವವನು ಸಾಹುಕಾರನ ಮನೆಗೆ ದುಡಿದಂತೆ. ಮೊದಲು ಸಾಲ ತೀರಲಿ.

ಗುತ್ತಿಗೆಗೆ ಕೊಡೋಣ ಅನ್ನುತ್ತೀರಾ? 1974ರ ಭೂಸುಧಾರಣೆ ತಿದ್ದುಪಡಿಯಿಂದ ವ್ಯವಸಾಯದ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ನಿಷೇಧವಿದೆ. ಎಲ್ಲ ಬಾಯಿಮಾತಿನ ಮೇಲೇ ನಡೆಯುತ್ತದೆ. ಬಾಯಿಮಾತು ಮುರಿದರೆ ಕೇಳುವವರಿಲ್ಲ.

ಮಕ್ಕಳ ಹೆಸರಿಗೆ ಬರೆದುಕೊಡುವವರು ಎಚ್ಚರವಿರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಪಡೆದು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ರದ್ದುಮಾಡಲು ಉಪವಿಭಾಗಾಧಿಕಾರಿಯ ಮುಂದೆ ಕೇಳಬಹುದು. ನಮ್ಮ ತಾಲ್ಲೂಕಿಗೆ ಹುಣಸೂರಿನ ಕಚೇರಿ. ಆ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಮಗ ಒಳ್ಳೆಯವನಾದರೆ ಅವನಿಗೇನೂ ನಷ್ಟವಿಲ್ಲ.

ನಾನು ತೀರ್ಮಾನಿಸಿದ್ದು ಇಷ್ಟು: ಬ್ಯಾರನ್ ಬೆಂಕಿ ಆರಿಸುತ್ತೇನೆ, ಭೂಮಿ ಮಾರುವುದಿಲ್ಲ. ರಾಗಿ, ಅವರೆ, ನಾಲ್ಕು ತೆಂಗು, ಒಂದು ಹಸು ಸಾಕು. ಸಾಲ ತೀರಿ ಉಳಿದದ್ದು ಅಂಚೆ ಕಚೇರಿಗೆ, ನಮ್ಮ ಮನೆಯವರ ಹೆಸರೂ ಸೇರಿಸಿ. ಆದಾಯ ಕಡಿಮೆಯೇ. ಆದರೆ ಉಣ್ಣುವ ಅನ್ನ ನಮ್ಮ ಹೊಲದ್ದು.

ಕೊನೆಯ ಮಾತು. 1984ರಲ್ಲಿ ನಮ್ಮ ಕಡೆ ತಂಬಾಕು ಮಂಡಳಿಯ ಹರಾಜು ಶುರುವಾಯಿತು. ಅವತ್ತಿನಿಂದಲೂ ಬೇಲಿಗೆ ಬೆಲೆ ಕೂಗುವವನು ಕೊಳ್ಳುವವನೇ, ಬೆಳೆದವನಲ್ಲ. ಖರ್ಚಿನ ಮೇಲೆ ಲಾಭ ಸಿಕ್ಕಿದ್ದರೆ ನಾವೇ ನಮ್ಮ ಮುಪ್ಪಿಗೆ ಕೂಡಿಡುತ್ತಿದ್ದೆವು. ಆದ್ದರಿಂದ ನಾವು ಕೇಳುವ ಪಿಂಚಣಿ ಭಿಕ್ಷೆಯಲ್ಲ, ಬಾಕಿ. ನಲವತ್ತರ ಗಡಿ ತೆಗೆಯಲಿ, ಬೆಲೆ ಏರಿದಂತೆ ಪಿಂಚಣಿಯೂ ಏರಲಿ. ಅದು ಬರುವ ತನಕ ಪಹಣಿಯಲ್ಲಿ ನಿಮ್ಮ ಹೆಸರು ಉಳಿಸಿಕೊಳ್ಳಿ.